ಒಕ್ಕಲುತನದ ದಿನಚರಿ: ದುಡಿಮೆಗೂ ವಿಶ್ರಾಂತಿಗೂ ಇರತಕ್ಕ ಹದ

ಎರೆಭೂಮಿಯ ಒಕ್ಕಲಿಗನಿಗೆ ‘ಹದ’ ಎಂಬ ಮಾತಿನ ಅರ್ಥವನ್ನು ಹೇಳಿಕೊಡಬೇಕಾದ ಕಾರಣವಿಲ್ಲ. ಮಳೆ ನಿಂತ ಮರುದಿನವೇ ಹೊಲಕ್ಕೆ ಕುಂಟೆಯನ್ನಿಳಿಸಿದರೆ ಹಸಿಮಣ್ಣು ಕುಡಕ್ಕೆ ಮೆತ್ತಿಕೊಂಡು ಎತ್ತುಗಳು ಸೋಲುವವು. ಬಹಳ ದಿನ ತಡೆದರೆ ನೆಲವು ಬಿಗಿದು ಹೆಂಟೆಯೇಳುವದು. ಈ ಎರಡರ ನಡುವಣ ಕೆಲವೇ ದಿನಗಳಲ್ಲಿ ಮಾಡಿದ ಕೆಲಸಕ್ಕೆ ಪೂರ್ಣ ಫಲವುಂಟು. ಜೇವರ್ಗಿ ತಾಲೂಕಿನ ನೆಲೋಗಿಯ ಸುತ್ತಲಿನ ಎರೆಹೊಲಗಳಲ್ಲಿ ತೊಗರಿ, ಹತ್ತಿ, ಬಿಳಿಜೋಳ, ಕಡಲೆಗಳನ್ನು ಬೆಳೆಯುವವರು ಈ ನಿಯಮವನ್ನು ತಲೆತಲಾಂತರದಿಂದ ಪಾಲಿಸುತ್ತ ಬಂದಿರುವರು.

ಆದರೆ ನೆಲಕ್ಕೆ ಹದವುಂಟೆಂದು ಬಲ್ಲವರೇ ದುಡಿಯುವ ದೇಹಕ್ಕೂ ಒಂದು ಹದವುಂಟೆಂಬದನ್ನು ಅನೇಕ ಸಲ ಮರೆಯುವರು. ಹೆಚ್ಚು ಹೊತ್ತು ದುಡಿದಷ್ಟೂ ಹೆಚ್ಚು ಕೆಲಸವಾಗುವದೆಂಬ ಎಣಿಕೆಯು ಮೇಲ್ನೋಟಕ್ಕೆ ಸರಿಯೆಂದು ತೋರುವದು. ಅನುಭವವೂ ಶಾಸ್ತ್ರವೂ ಇದಕ್ಕೆ ಬೇರೆ ಉತ್ತರವನ್ನು ಕೊಡುತ್ತವೆ. ವಿಶ್ರಾಂತಿಯು ಕೆಲಸದಿಂದ ಕದ್ದ ಹೊತ್ತಲ್ಲ. ಅದು ಕೆಲಸದ ಒಂದು ಭಾಗವೇ ಆಗಿದೆ. ಅದನ್ನು ಕ್ರಮವಾಗಿ ಕೊಡುವ ಭಾರವು ಕೂಲಿಯವನ ಮೇಲಲ್ಲ, ಕೆಲಸ ಮಾಡಿಸುವ ಭೂಮಾಲೀಕರ ಮತ್ತು ಗ್ರಾಮದ ಹಿರಿಯರ ಮೇಲಿದೆ. ಇದಕ್ಕೆ ಕಾರಣಗಳನ್ನೂ, ದಿನದಿನವೂ ಪಾಲಿಸಬಹುದಾದ ಸುಲಭ ನಿಯಮಗಳನ್ನೂ ಇಲ್ಲಿ ವಿವರಿಸಲಾಗಿದೆ.

ದಣಿವು ಮತ್ತು ಬಳಲಿಕೆ

ದಣಿವಿನಲ್ಲಿ ಎರಡು ಬಗೆಗಳಿವೆ. ಹಗಲು ದುಡಿದವನಿಗೆ ಸಂಜೆ ಬರುವ ದಣಿವು ಮೊದಲನೆಯದು. ಹೊಟ್ಟೆತುಂಬ ಊಟವೂ ರಾತ್ರಿಯ ನಿದ್ರೆಯೂ ಸಿಕ್ಕರೆ ಅದು ಬೆಳಗಾಗುವದರೊಳಗೆ ಕಳೆಯುವದು. ಇದರಿಂದ ಕೇಡಿಲ್ಲ, ಇದು ಆರೋಗ್ಯದ ಲಕ್ಷಣವೇ ಸರಿ. ದಿನದ ದಣಿವು ದಿನಕ್ಕೆ ತೀರದೆ ಸಾಲದ ಬಡ್ಡಿಯಂತೆ ಬೆಳೆಯುತ್ತ ಹೋಗುವದು ಎರಡನೆಯ ಬಗೆ. ಇದನ್ನು ಬಳಲಿಕೆಯೆನ್ನಬಹುದು. ಬಳಲಿದವನು ಬೆಳಗ್ಗೆ ಏಳುವಾಗಲೇ ದಣಿದಿರುವನು. ಅವನಿಗೆ ಊಟ ರುಚಿಸದು. ಸಣ್ಣ ಮಾತಿಗೂ ಸಿಟ್ಟು ಬರುವದು. ಕೈಯಲ್ಲಿ ಕುಡಗೋಲಿದ್ದರೂ ಲಕ್ಷ್ಯವು ಬೇರೆಡೆಯಲ್ಲಿರುವದು.

ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ತನ್ನ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಈ ಬಗೆಯ ಸ್ಥಿತಿಗೆ ಲಕ್ಷಣಗಳನ್ನು ಕೊಟ್ಟಿದೆ. ಅದು ಇದನ್ನು ರೋಗವೆಂದು ಎಣಿಸದೆ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದು ಹೇಳಿದೆ. ಶಕ್ತಿ ಉಡುಗುವದು, ಕೆಲಸದ ಮೇಲಿನ ಮನಸ್ಸು ಮುರಿಯುವದು, ಮಾಡುವ ಕೆಲಸದ ಗುಣ ಕುಗ್ಗುವದು ಎಂಬವೇ ಅದರ ಮೂರು ಗುರುತುಗಳು. ಈ ವಿವರಣೆಯನ್ನು ಸಾಮಾನ್ಯವಾಗಿ ಪಟ್ಟಣದ ಕಚೇರಿಗಳ ನೌಕರರಿಗೆ ಅನ್ವಯಿಸುವರು. ಆದರೆ ಮೂರು ಗುರುತುಗಳೂ ಸುಗ್ಗಿಯ ಕೊನೆಗೆ ಹಳ್ಳಿಯ ಅನೇಕ ಮನೆಗಳಲ್ಲಿ ಕಾಣಬರುವವೆಂಬದನ್ನು ಹಿರಿಯರು ಬಲ್ಲರು.

ಬಳಲಿಕೆಯ ನಷ್ಟವು ಮೊದಲು ಕಣ್ಣಿಗೆ ಬೀಳುವದಿಲ್ಲ. ಕಳೆ ತೆಗೆಯುವವರು ಸಾಲಿನಲ್ಲಿ ಕಳೆಯನ್ನು ಬಿಟ್ಟು ಮುಂದಕ್ಕೆ ಹೋಗುವರು. ಎಡೆ ಹೊಡೆಯುವವನು ಸಾಲು ತಪ್ಪಿ ಬೆಳೆಯ ಬೇರನ್ನು ಕೊಯ್ಯುವನು. ಹತ್ತಿ ಬಿಡಿಸುವವರು ಕಸವನ್ನು ಕೂಡಿಸಿ ಅರಳೆಯ ಬೆಲೆಯನ್ನು ಕೆಡಿಸುವರು. ಕೊನೆಗೆ ರಾಶಿಯ ಯಂತ್ರಕ್ಕೆ ಸಿಕ್ಕಿದ ಕೈ, ಬಿಸಿಲಿನಲ್ಲಿ ಬಿದ್ದ ಆಳು, ನಡುಸುಗ್ಗಿಯಲ್ಲಿ ಕಾಲೂರಲಾರದ ಎತ್ತು, ಇವೇ ನಷ್ಟವನ್ನು ಎತ್ತಿ ತೋರಿಸುವವು. ಅಷ್ಟರಲ್ಲಿ ಕಾಲ ಮಿಂಚಿರುವದು.

ಪರೀಕ್ಷೆಗಳಿಂದ ತಿಳಿದುಬಂದದ್ದು

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಮದ್ದುಗುಂಡಿನ ಕಾರ್ಖಾನೆಗಳು ವಾರದ ಏಳು ದಿನವೂ ನಡೆಯುತ್ತಿದ್ದವು. ಅಲ್ಲಿಯ ಸರಕಾರವು ೧೯೧೫ರಲ್ಲಿ ಈ ಕೆಲಸಗಾರರ ಆರೋಗ್ಯದ ವಿಚಾರಕ್ಕಾಗಿ ಒಂದು ಸಮಿತಿಯನ್ನು ನೇಮಿಸಿತು. ಆದಿತ್ಯವಾರದ ಕೆಲಸದಿಂದ ಒಟ್ಟು ಉತ್ಪನ್ನವು ಎಣಿಸಿದಂತೆ ಹೆಚ್ಚುವದಿಲ್ಲವೆಂದೂ, ಅತಿ ದೀರ್ಘವಾದ ಕೆಲಸದ ಹೊತ್ತನ್ನು ಕಡಿಮೆ ಮಾಡಿದಲ್ಲಿ ಉತ್ಪನ್ನವು ಅದೇ ಪ್ರಮಾಣದಲ್ಲಿ ಕುಗ್ಗುವದಿಲ್ಲವೆಂದೂ ಸಮಿತಿಯು ಕಂಡುಕೊಂಡಿತು. ಯುದ್ಧದ ಅವಸರದಲ್ಲಿಯೂ ವಿಶ್ರಾಂತಿಯು ಲಾಭಕರವೆಂದು ಕಂಡುಬಂದ ಮೇಲೆ ಒಕ್ಕಲುತನದ ಅವಸರಕ್ಕೆ ಆ ಮಾತು ಸಲ್ಲದೆಂದು ಹೇಳಲು ಬರುವದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ೨೦೨೧ರಲ್ಲಿ ಕೂಡಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ ೩೫ರಿಂದ ೪೦ ಗಂಟೆ ದುಡಿಯುವವರಿಗಿಂತ ೫೫ ಅಥವಾ ಅದಕ್ಕೂ ಹೆಚ್ಚು ಗಂಟೆ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಭಯವು ಶೇಕಡಾ ೩೫ರಷ್ಟೂ, ಹೃದ್ರೋಗದ ಮರಣದ ಭಯವು ಶೇಕಡಾ ೧೭ರಷ್ಟೂ ಹೆಚ್ಚು. ಬಿಸಿಲಿನ ವಿಷಯದಲ್ಲಿ ೨೦೨೫ರ ಆಗಸ್ಟ್ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ವಿಶ್ವ ಹವಾಮಾನ ಸಂಸ್ಥೆಯೂ ಕೂಡಿ ಒಂದು ವರದಿಯನ್ನು ಹೊರಡಿಸಿದವು. ಶಾಖ, ಗಾಳಿಯ ತೇವ, ಬಿಸಿಲಿನ ಕಾವು, ಗಾಳಿಯ ಬೀಸು ಇವನ್ನೆಲ್ಲ ಕೂಡಿಸಿ ಅಳೆಯುವ ಒಂದು ಮಾಪನವುಂಟು. ಆ ಮಾಪನದಲ್ಲಿ ೨೦ ಡಿಗ್ರಿಯನ್ನು ದಾಟಿದ ಮೇಲೆ ಏರುವ ಪ್ರತಿಯೊಂದು ಡಿಗ್ರಿಗೂ ಮನುಷ್ಯನ ಕೆಲಸವು ಶೇಕಡಾ ೨ರಿಂದ ೩ರಷ್ಟು ಕುಗ್ಗುವದೆಂದು ಆ ವರದಿಯು ತಿಳಿಸಿದೆ. ಕಲಬುರಗಿ ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳುಗಳ ಹಗಲಿನ ಶಾಖವು ೪೦ ಡಿಗ್ರಿಯನ್ನು ದಾಟುವದು ಸಾಮಾನ್ಯ. ನೆತ್ತಿಯ ಮೇಲೆ ಸೂರ್ಯನಿರುವಾಗ ತೆತ್ತ ಕೂಲಿಗೆ ಎಷ್ಟು ಕೆಲಸವು ದೊರೆಯುತ್ತಿರುವದೆಂಬದನ್ನು ಭೂಮಾಲೀಕರು ಇದರಿಂದ ಊಹಿಸಬಹುದು.

ಎತ್ತಿಗಿರುವ ಕಾಯದೆ

ನಮ್ಮ ದೇಶದಲ್ಲಿ ೧೯೬೫ರಲ್ಲಿ ಹೊರಟ, ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಹಿಂಸೆಯನ್ನು ತಡೆಯುವ ನಿಯಮಗಳು ಇಲ್ಲಿ ಗಮನಿಸತಕ್ಕವು. ಅವುಗಳ ಪ್ರಕಾರ ಅಂಥ ಪ್ರಾಣಿಯನ್ನು ದಿನಕ್ಕೆ ಒಟ್ಟು ೯ ಗಂಟೆಗಿಂತ ಹೆಚ್ಚು ದುಡಿಸಕೂಡದು. ಬಿಡುವು ಕೊಡದೆ ೫ ಗಂಟೆಗಿಂತ ಹೆಚ್ಚು ದುಡಿಸಕೂಡದು. ಶಾಖವು ೩೭ ಡಿಗ್ರಿಯನ್ನು ದಾಟುವ ಸ್ಥಳದಲ್ಲಿ ಮಧ್ಯಾಹ್ನ ೧೨ರಿಂದ ೩ರ ವರೆಗೆ ದುಡಿಸಕೂಡದು. ನಮ್ಮ ಹಿರಿಯರು ಕಾಯದೆಗಿಂತ ಮುಂಚೆಯೇ ಇಂಥ ಕಟ್ಟಳೆಯನ್ನು ಮಾಡಿಕೊಂಡಿದ್ದರು. ಸೋಮವಾರವು ಬಸವಣ್ಣನ ದಿನವೆಂದು ಅಂದು ಎತ್ತುಗಳಿಗೆ ನೊಗವನ್ನು ಹೂಡದಿರುವ ಪದ್ಧತಿಯು ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ನಡೆದುಬಂದಿದೆ. ಕಾರಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೋಡುಗಳಿಗೆ ಬಣ್ಣ ಬಳಿದು ಮೆರೆಸುವರು. ಎತ್ತಿನ ವಿಷಯದಲ್ಲಿ ವಿಶ್ರಾಂತಿಯು ಸೋಮಾರಿತನವೆಂದು ಯಾರೂ ಹೇಳಿದ್ದಿಲ್ಲ.

ಸರಕಾರಿ ಕಚೇರಿಗಳ ವಿಷಯವನ್ನೂ ನೋಡಬಹುದು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಕಚೇರಿಗಳನ್ನು ಬೆಳಗಿನ ೮ ಗಂಟೆಗೆ ತೆರೆದು ಮಧ್ಯಾಹ್ನ ೧-೩೦ಕ್ಕೆ ಮುಚ್ಚುವ ಏರ್ಪಾಡನ್ನು ಸರಕಾರವು ವರ್ಷವರ್ಷವೂ ಮಾಡುತ್ತ ಬಂದಿದೆ. ನೆರಳಿನಲ್ಲಿ ಬೀಸಣಿಗೆಯ ಕೆಳಗೆ ಕುಳಿತವರಿಗೆ ಈ ಅನುಕೂಲವು ಯೋಗ್ಯವೆಂದು ಕಂಡಿರುವಾಗ, ಬಯಲಿನಲ್ಲಿ ಬಗ್ಗಿ ದುಡಿಯುವವರಿಗೆ ಅದು ಇನ್ನೂ ಹೆಚ್ಚು ಯೋಗ್ಯವೆಂಬದನ್ನು ಬೇರೆ ಹೇಳಬೇಕಾಗಿಲ್ಲ. ಎತ್ತಿಗೆ ಕಾಯದೆಯುಂಟು, ಕಚೇರಿಗೆ ಸುತ್ತೋಲೆಯುಂಟು. ಹೊಲದ ಆಳಿಗೆ ಮಾತ್ರ ಹೊಲದೊಡೆಯನ ವಿವೇಕವೇ ಆಧಾರ.

ಇದರಲ್ಲಿ ಒಂದು ಸೂಕ್ಷ್ಮವಿದೆ. ದಿನಗೂಲಿಯವನು ತಾನಾಗಿ ನೆರಳಿಗೆ ಹೋಗಿ ಕುಳಿತರೆ ಮರುದಿನ ಕೆಲಸಕ್ಕೆ ಕರೆ ಬರಲಿಕ್ಕಿಲ್ಲವೆಂಬ ಭಯವಿರುವದು. ಗುತ್ತಿಗೆಯ ಮೇಲೆ ದುಡಿಯುವವರ ಗುಂಪು ಎಕರೆಯ ಲೆಕ್ಕಕ್ಕೆ ಹಣ ಪಡೆಯುವದರಿಂದ ಉರಿಬಿಸಿಲಿನಲ್ಲಿಯೂ ನಿಲ್ಲದು. ಆದಕಾರಣ ವಿಶ್ರಾಂತಿಯ ಹೊತ್ತನ್ನು ಮೊದಲೇ ಗೊತ್ತುಪಡಿಸಿ ಎಲ್ಲರಿಗೂ ಏಕರೀತಿಯಾಗಿ ಕೊಡತಕ್ಕದ್ದು ಕೆಲಸ ಮಾಡಿಸುವವರ ಕರ್ತವ್ಯವಾಗಿದೆ.

ವರ್ಷದ ಮೂರು ಭಾರದ ಕಾಲಗಳು

ನೆಲೋಗಿಯ ಕಡೆಯ ಬೇಸಾಯದಲ್ಲಿ ಬಳಲಿಕೆಗೆ ಹೆಚ್ಚು ಆಸ್ಪದವಿರುವ ಕಾಲಗಳು ಮೂರು. ಜೂನ್ ಜುಲೈ ತಿಂಗಳುಗಳ ಬಿತ್ತನೆ ಮತ್ತು ಅದರ ಹಿಂದೆಯೇ ಬರುವ ಕಳೆ, ಎಡೆಯ ಕೆಲಸ ಮೊದಲನೆಯದು. ಹಿಂಗಾರಿ ಜೋಳ ಕಡಲೆಗಳ ಬಿತ್ತನೆಯೂ ತೊಗರಿ ಹತ್ತಿಗಳಿಗೆ ಔಷಧ ಹೊಡೆಯುವದೂ ಒಟ್ಟಿಗೆ ಬೀಳುವ ಸೆಪ್ಟೆಂಬರಿನಿಂದ ನವಂಬರದ ವರೆಗಿನ ಅವಧಿ ಎರಡನೆಯದು. ಡಿಸೆಂಬರಿನಿಂದ ಮಾರ್ಚಿನ ವರೆಗೆ ತೊಗರಿಯ ಕೊಯ್ಲು, ಹತ್ತಿ ಬಿಡಿಸುವದು, ಕಡಲೆ ಮತ್ತು ಜೋಳದ ಸುಗ್ಗಿ ಒಂದರ ಬೆನ್ನಿಗೊಂದು ಬರುವವು, ಇದು ಮೂರನೆಯದು. ಇವುಗಳ ನಂತರ ಮಾಗಿ ಉಳುಮೆ, ಕಸ ಆರಿಸುವದು, ಗೊಬ್ಬರ ಹೇರುವದು ಮೊದಲಾದ ಬೇಸಿಗೆಯ ಕೆಲಸಗಳಲ್ಲಿ ಹೊತ್ತಿನ ಅವಸರವಿಲ್ಲದಿದ್ದರೂ ಬಿಸಿಲಿನ ಭಯವಿದೆ. ಅವಸರದ ಕಾಲದಲ್ಲಿ ನಿದ್ರೆಯನ್ನೂ, ಬೇಸಿಗೆಯಲ್ಲಿ ನೀರು ನೆರಳುಗಳನ್ನೂ ವಿಶೇಷವಾಗಿ ಕಾಯ್ದುಕೊಳ್ಳತಕ್ಕದ್ದು.

ದಿನದಿನದ ನಿಯಮಗಳು

೧. ಕೆಲಸದ ಹೊತ್ತನ್ನು ಸೂರ್ಯನಿಗೆ ಹೊಂದಿಸುವದು. ಬೆಳಗಿನ ೮ರಿಂದ ಸಂಜೆ ೫ರ ವರೆಗೆ ದುಡಿಸಿ ನಡುವೆ ಒಂದು ಗಂಟೆ ಊಟಕ್ಕೆ ಬಿಟ್ಟರೆ ೮ ಗಂಟೆಯ ಕೆಲಸವಾಗುವದು. ಬೆಳಗಿನ ೬ರಿಂದ ೧೧ರ ವರೆಗೂ, ತಿರುಗಿ ೩-೩೦ರಿಂದ ೬-೩೦ರ ವರೆಗೂ ದುಡಿಸಿದರೆ ಅದೇ ೮ ಗಂಟೆಯಾಗುವದು. ಎರಡರಲ್ಲಿಯೂ ಹೊತ್ತು ಒಂದೇ. ಆದರೆ ಎರಡನೆಯ ಕ್ರಮದಲ್ಲಿ ಉರಿಬಿಸಿಲು ಲೆಕ್ಕದಿಂದ ಬಿಟ್ಟುಹೋಗುವದು. ಮೇ ತಿಂಗಳಲ್ಲಿ ಈ ಸೀಮೆಯಲ್ಲಿ ಸೂರ್ಯನು ೬ಕ್ಕೆ ಮುಂಚೆ ಹುಟ್ಟಿ ೬-೩೦ರ ನಂತರ ಮುಳುಗುವದರಿಂದ ಈ ಕ್ರಮಕ್ಕೆ ಬೆಳಕಿನ ಕೊರತೆಯಿಲ್ಲ. ಚಳಿಗಾಲದಲ್ಲಿ ಹಗಲು ಚಿಕ್ಕದು, ಬಿಸಿಲೂ ಮೃದು. ಆಗ ಹಳೆಯ ಕ್ರಮವೇ ಸಾಕು.

೨. ಭಾರದ ಕೆಲಸವನ್ನು ಮೊದಲು ಮಾಡುವದು. ಅಗೆಯುವದು, ಮೂಟೆ ಹೊರುವದು, ಜೋಳ ಕೀಳುವದು ಮುಂತಾದವನ್ನು ಬೆಳಗಿನ ತಂಪಿನಲ್ಲಿ ಮುಗಿಸಿ, ಬೀಜ ಆರಿಸುವದು, ಹಗ್ಗ ಹೊಸೆಯುವದು, ಸಾಮಾನು ಸರಿಪಡಿಸುವದು ಮುಂತಾದ ಹಗುರ ಕೆಲಸಗಳನ್ನು ಬಿಸಿಲೇರಿದ ಮೇಲೆ ನೆರಳಿನಲ್ಲಿ ಮಾಡಬಹುದು.

೩. ಸಣ್ಣ ಬಿಡುವನ್ನು ತಪ್ಪಿಸದಿರುವದು. ಒಂದೂವರೆ ಎರಡು ಗಂಟೆಗೊಮ್ಮೆ ಹತ್ತು ನಿಮಿಷ ನೆಟ್ಟಗೆ ನಿಂತು ಬೆನ್ನು ನಿಮಿರಿಸಿ ನೀರು ಕುಡಿಯುವದರಿಂದ ಬಗ್ಗಿದ ಸೊಂಟಕ್ಕೆ ಸಮಾಧಾನವಾಗುವದು. ಎತ್ತಿಗೂ ಇದೇ ನ್ಯಾಯವು. ದನವು ತಿಂದ ಮೇವನ್ನು ಮೆಲುಕು ಹಾಕಲು ದಿನಕ್ಕೆ ಏಳೆಂಟು ಗಂಟೆ ಬೇಕಾಗುವದು. ಆ ಹೊತ್ತನ್ನು ಕೊಡದಿದ್ದರೆ ಎಷ್ಟು ಕಣಿಕೆಯನ್ನು ಹಾಕಿದರೂ ಅದರ ಸತ್ವವು ಮೈಗೆ ಹತ್ತದು.

೪. ಬಾಯಾರುವ ಮುಂಚೆ ನೀರು ಕುಡಿಯುವದು. ಬಿಸಿಲಿನಲ್ಲಿ ದುಡಿಯುವವನು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟದಷ್ಟು ಕುಡಿಯುವದು ಲೇಸು. ಒಮ್ಮೆಲೇ ಚೊಂಬುಗಟ್ಟಲೆ ಕುಡಿಯುವದರಿಂದ ಪ್ರಯೋಜನವಿಲ್ಲ. ಬೆವರಿನೊಡನೆ ಉಪ್ಪು ಹೋಗುವದರಿಂದ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿಗಳು ಬಹಳ ಹಿತಕರ. ಕೂಲಿಯವರು ಮನೆಯಿಂದ ಬಾಟಲಿಯನ್ನು ತರಲೆಂದು ಬಿಡದೆ, ಒಡೆಯನೇ ತುಂಬಿದ ಕೊಡವನ್ನು ಕೆಲಸದ ಸಾಲಿನ ಸಮೀಪದಲ್ಲಿ ಇಡಿಸತಕ್ಕದ್ದು. ನೀರು ದೂರವಿದ್ದರೆ ಕುಡಿಯುವವರು ಕಡಿಮೆ.

೫. ಬರಿಯ ಚಹದ ಮೇಲೆ ದುಡಿಯದಿರುವದು. ಬೆಳಗ್ಗೆ ಹೊಟ್ಟೆಗೆ ಚಹ, ನಡುನಡುವೆ ತಂಬಾಕು ಮಾತ್ರ ಬಿದ್ದರೆ ಹಸಿವು ಅಡಗುವದೇ ಹೊರತು ಶಕ್ತಿ ಬರುವದಿಲ್ಲ. ಜೋಳದ ರೊಟ್ಟಿ, ತೊಗರಿ ಬೇಳೆ ಅಥವಾ ಝುಣಕ, ಶೇಂಗಾ ಹಿಂಡಿ, ಪುಂಡಿಪಲ್ಯ, ಮಜ್ಜಿಗೆ, ಈ ಸೀಮೆಯ ಬುತ್ತಿಯಲ್ಲಿ ದುಡಿಯುವ ದೇಹಕ್ಕೆ ಬೇಕಾದದ್ದೆಲ್ಲ ಇದೆ. ಇದನ್ನು ಅವಸರವಿಲ್ಲದೆ ಕುಳಿತು ಉಣ್ಣಲು ಹೊತ್ತು ಬೇಕು.

೬. ಔಷಧ ಹೊಡೆಯುವದನ್ನು ಬೆಳಗಿನ ಅಥವಾ ಸಂಜೆಯ ತಂಪಿಗೆ ಮಾತ್ರ ಇಟ್ಟುಕೊಳ್ಳುವದು. ದಣಿದವನ ಕೈಯಲ್ಲಿ ವಿಷದ ಡಬ್ಬಿಯನ್ನು ಕೊಡಕೂಡದು. ಬಿಸಿಲಿನಲ್ಲಿ ಮುಖದ ಬಟ್ಟೆಯನ್ನೂ ಕೈಚೀಲವನ್ನೂ ಕಿತ್ತೊಗೆಯುವ ಮನಸ್ಸಾಗುವದು. ಬೆವೆತ ಚರ್ಮವು ವಿಷವನ್ನು ಬೇಗ ಹೀರುವದು. ನೆರೆಯ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ೨೦೧೭ರಲ್ಲಿ ಹತ್ತಿಗೆ ಔಷಧ ಹೊಡೆಯುತ್ತಿದ್ದ ಅನೇಕ ಮಂದಿ ರೈತರೂ ಕೂಲಿಗಳೂ ವಿಷವೇರಿ ಪ್ರಾಣಬಿಟ್ಟ ಸಂಗತಿಯನ್ನು ಹತ್ತಿ ತೊಗರಿ ಬೆಳೆಯುವ ಯಾವ ಊರೂ ಮರೆಯತಕ್ಕದ್ದಲ್ಲ. ಗಾಳಿಗೆ ಎದುರಾಗಿ ಹೊಡೆಯಕೂಡದು; ಕೆಲಸದ ನಡುವೆ ಬೀಡಿ, ತಂಬಾಕು, ಊಟ ಬೇಡ; ಮುಗಿದೊಡನೆ ಸಾಬೂನಿನಿಂದ ಮೈತೊಳೆದು ಬಟ್ಟೆ ಬದಲಿಸತಕ್ಕದ್ದು. ಒಬ್ಬನೇ ಆಳು ದಿನದಿನವೂ ಔಷಧವನ್ನೇ ಹೊಡೆಯದಂತೆ ಪಾಳಿಯಿಡುವದು ಒಳ್ಳೆಯದು.

೭. ಹೊಸಬರನ್ನು ಮೆಲ್ಲಗೆ ರೂಢಿಗೆ ತರುವದು. ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರುಗಳಿಗೆ ದುಡಿಯಲು ಹೋಗಿ ಮರಳಿದ ತರುಣನ ಮೈ ಈ ಬಿಸಿಲನ್ನು ಮರೆತಿರುವದು. ಮೊದಲನೆಯ ದಿನ ಪೂರ್ಣ ಕೆಲಸದ ಐದರಲ್ಲೊಂದು ಪಾಲು ಮಾತ್ರ ಬಿಸಿಲಿನಲ್ಲಿ ಮಾಡಿಸಿ ದಿನಕ್ಕೆ ಅಷ್ಟಷ್ಟೇ ಹೆಚ್ಚಿಸಿದರೆ ವಾರದೊಳಗಾಗಿ ಅವನು ಒಗ್ಗಿಕೊಳ್ಳುವನು. ಬಿಸಿಲಿನಿಂದ ಬೀಳುವವರಲ್ಲಿ ಮೊದಲ ಕೆಲವು ದಿನಗಳಲ್ಲಿ ಬೀಳುವವರೇ ಹೆಚ್ಚು.

೮. ನಿದ್ರೆಯನ್ನು ಕೆಲಸದಂತೆಯೇ ಕಾಯ್ದುಕೊಳ್ಳುವದು. ಪ್ರಾಯದವರಿಗೆ ರಾತ್ರಿ ಏಳು ಗಂಟೆಯ ನಿದ್ರೆ ಬೇಕು. ಬೆಳಗ್ಗೆ ಬೇಗ ಏಳಬೇಕಾದವನು ರಾತ್ರಿ ಬೇಗ ಮಲಗದೆ ಗತ್ಯಂತರವಿಲ್ಲ. ಹಾಸಿಗೆಗೆ ಹೋದ ಮೇಲೆಯೂ ಮೊಬೈಲನ್ನು ನೋಡುತ್ತ ಕೂಡ್ರುವದು ಈಗ ಹಳ್ಳಿಗಳಲ್ಲಿಯೂ ನಿದ್ರೆಯನ್ನು ತಿನ್ನುತ್ತಲಿದೆ. ರಾತ್ರಿಯ ಪಾಳಿಯ ವಿದ್ಯುತ್ತಿಗೆ ಎದ್ದು ಹೊಲಕ್ಕೆ ನೀರು ಹಾಯಿಸಿದವನಿಗೆ ಮರುದಿನ ಬೆಳಗ್ಗೆ ಟ್ರ್ಯಾಕ್ಟರನ್ನಾಗಲಿ ರಾಶಿಯ ಯಂತ್ರವನ್ನಾಗಲಿ ಒಪ್ಪಿಸಕೂಡದು.

೯. ಸಂಜೆ ನಾಳೆಯ ಕೆಲಸವನ್ನು ಬರೆದಿಡುವದು. ಭೂಮಾಲೀಕನು ದೀಪ ಹಚ್ಚುವ ಹೊತ್ತಿಗೆ ಒಂದು ವಹಿಯಲ್ಲಿ ಈ ದಿನ ಆದದ್ದೇನು, ನಾಳೆ ಆಗತಕ್ಕದ್ದೇನು, ಅದಕ್ಕೆ ಎಷ್ಟು ಆಳು, ಯಾವ ಸಾಮಾನು ಎಂದು ನಾಲ್ಕು ಸಾಲು ಬರೆದರೆ ಎರಡು ಪ್ರಯೋಜನಗಳುಂಟು. ಬೆಳಗಿನ ತಂಪು ಆಳುಗಳನ್ನು ಹುಡುಕುವದರಲ್ಲಿ ವ್ಯರ್ಥವಾಗದು. ಮನಸ್ಸಿನಲ್ಲಿ ಸುತ್ತುವ ಚಿಂತೆಯು ಕಾಗದಕ್ಕೆ ಇಳಿಯುವದರಿಂದ ನಿದ್ರೆಯೂ ಸುಲಭವಾಗುವದು. ಪಟ್ಟಿಯು ದಿನದ ಅಳವಿಗೆ ಮೀರಿರಕೂಡದು.

೧೦. ವಾರಕ್ಕೊಂದು ದಿನ ಬಿಡುವು ಕೊಡುವದು. ಎತ್ತುಗಳ ಸೋಮವಾರವನ್ನು ಮನುಷ್ಯರೂ ಹಂಚಿಕೊಳ್ಳಬಹುದು. ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳು ಕಡಿಮೆಯಾಗಿ, ಅವುಗಳೊಡನೆ ಆ ದಿನದ ಬಿಡುವೂ ಅನೇಕ ಮನೆಗಳಲ್ಲಿ ಮಾಯವಾಗಿದೆ. ಯಂತ್ರಕ್ಕೆ ಸೋಮವಾರವು ಬೇಡವಾದರೂ ಅದನ್ನು ನಡೆಸುವವನಿಗೆ ಬೇಕು.

ಹೆಂಗಸರ ದುಡಿಮೆ

ಮೇಲಿನ ನಿಯಮಗಳಲ್ಲಿ ಒಂದು ತೊಡಕಿದೆ. ಬೆಳಗಿನ ೬ ಗಂಟೆಗೆ ಹೊಲದಲ್ಲಿರಬೇಕಾದರೆ ಹೆಣ್ಣುಮಗಳು ಮನೆಯಲ್ಲಿ ಎಷ್ಟು ಗಂಟೆಗೆ ಏಳಬೇಕು? ಸಗಣಿ ಕಸ, ನೀರು, ರೊಟ್ಟಿ, ಮಕ್ಕಳು ಎಲ್ಲವೂ ಅವಳ ಪಾಲಿಗಿವೆ. ಭಾರತ ಸರಕಾರದ ಅಂಕಿಸಂಖ್ಯೆಗಳ ಇಲಾಖೆಯು ೨೦೨೪ರಲ್ಲಿ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯಂತೆ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ ೨೮೯ ನಿಮಿಷಗಳನ್ನೂ, ತೊಡಗುವ ಗಂಡಸರು ೮೮ ನಿಮಿಷಗಳನ್ನೂ ಅದಕ್ಕಾಗಿ ಕಳೆಯುವರು. ಆದ್ದರಿಂದ ಹೊಲದ ಎಂಟು ಗಂಟೆಗೆ ಮನೆಯ ನಾಲ್ಕೈದು ಗಂಟೆಗಳನ್ನು ಕೂಡಿಸಿದರೆ ಮಾತ್ರ ಅವಳ ದಿನದ ನಿಜವಾದ ಲೆಕ್ಕವು ಸಿಕ್ಕುವದು. ಕಳೆ ತೆಗೆಯುವದೂ ಹತ್ತಿ ಬಿಡಿಸುವದೂ ಬಹುತರವಾಗಿ ಹೆಂಗಸರಿಂದಲೇ ಆಗುವದರಿಂದ ಅವರ ಬಳಲಿಕೆಯು ಬೆಳೆಯ ಬಳಲಿಕೆಯೇ ಆಗುವದು.

ಇದಕ್ಕೆ ಪರಿಹಾರವು ಕಷ್ಟವಲ್ಲ. ಸುಗ್ಗಿಯ ಕಾಲದಲ್ಲಿ ಗಂಡಸರು ನೀರು ತುಂಬುವದು, ದನಗಳ ಕೊಟ್ಟಿಗೆಯನ್ನು ನೋಡುವದು ಮುಂತಾದ ಬೆಳಗಿನ ಕೆಲಸಗಳನ್ನು ತಾವು ವಹಿಸಿಕೊಳ್ಳತಕ್ಕದ್ದು. ಹಸುಗೂಸುಗಳಿದ್ದ ಹೆಂಗಸರನ್ನು ಒಂದು ಗಂಟೆ ತಡವಾಗಿ ಬರಗೊಟ್ಟರೆ ಒಡೆಯನಿಗೆ ಆಗುವ ನಷ್ಟವು ಅತ್ಯಲ್ಪ. ಗರ್ಭಿಣಿಯರನ್ನು ಉರಿಬಿಸಿಲಿಗೂ ಔಷಧ ಹೊಡೆದ ಹೊಲಕ್ಕೂ ಕರೆಯಲೇಕೂಡದು. ಮಧ್ಯಾಹ್ನದ ದೀರ್ಘ ಬಿಡುವು ಅವಳ ಪಾಲಿಗೆ ಮನೆಗೆಲಸದ ಹೊತ್ತಾಗಿ ಮಾರ್ಪಡದಂತೆಯೂ ಮನೆಯವರು ನೋಡಿಕೊಳ್ಳಬೇಕು.

ಅವಸರಕ್ಕೆ ಸಮಾಧಾನ

‘ಮಳೆಯು ಯಾರ ದಿನಚರಿಯನ್ನೂ ಕೇಳಿ ಬರುವದಿಲ್ಲ, ಹದ ತಪ್ಪಿದರೆ ವರ್ಷವೇ ತಪ್ಪಿತು’ ಎಂದು ಭೂಮಾಲೀಕರು ಆಕ್ಷೇಪಿಸಬಹುದು. ಆಕ್ಷೇಪವು ಯೋಗ್ಯವೇ ಆಗಿದೆ. ಬಿತ್ತನೆಯ ಮೂರು ನಾಲ್ಕು ದಿನ ಹೊತ್ತು ನೋಡದೆ ದುಡಿಯಬೇಕಾಗುವದು. ಕಣದಲ್ಲಿ ರಾಶಿಯಿದ್ದು ಮೋಡ ಕವಿದಾಗಲೂ ಹಾಗೆಯೇ. ದೇಹವು ಅಂಥ ಕೆಲವು ದಿನಗಳನ್ನು ತಾಳಬಲ್ಲದು. ಆದರೆ ಆ ದಿನಗಳು ಸಾಲವೆಂದು ತಿಳಿದು, ಬಿತ್ತನೆ ಮುಗಿದೊಡನೆ ಒಂದೆರಡು ದಿನ ಪೂರ್ಣ ಬಿಡುವು ಕೊಟ್ಟು ತೀರಿಸತಕ್ಕದ್ದು. ಅವಸರದ ನಾಲ್ಕು ದಿನಗಳೇ ನಾಲ್ಕು ತಿಂಗಳಾಗಿ ಮುಂದುವರಿಯುವದರಿಂದಲೇ ಕೇಡು ಬರುವದು.

ಅವಸರವನ್ನು ಹಂಚಿಕೊಳ್ಳುವ ಹಳೆಯ ಉಪಾಯವೊಂದು ನಮ್ಮಲ್ಲಿಯೇ ಇದೆ. ಮುಯ್ಯಾಳಿನ ಪದ್ಧತಿಯಲ್ಲಿ ಇಂದು ಒಬ್ಬನ ಹೊಲಕ್ಕೆ ಹತ್ತು ಮನೆಯವರು, ನಾಳೆ ಇನ್ನೊಬ್ಬನ ಹೊಲಕ್ಕೆ ಅದೇ ಹತ್ತು ಮನೆಯವರು ಹೋಗಿ ದುಡಿಯುವರು. ಇದರಿಂದ ಒಂದೊಂದು ಹೊಲದ ಕೆಲಸವೂ ಹದದೊಳಗೆ ಮುಗಿಯುವದು. ಒಬ್ಬನೇ ರಾತ್ರಿ ಹಗಲು ಸವೆಯುವದು ತಪ್ಪುವದು. ಸಣ್ಣ ಹಿಡುವಳಿದಾರರಿಗೆ ಇದು ವಿಶೇಷವಾಗಿ ಅನುಕೂಲ.

ಒಡೆಯನ ಚಿಂತೆ

ಬಳಲಿಕೆಯು ಕೂಲಿಯವನಿಗೆ ಮಾತ್ರ ಬರುವದಲ್ಲ. ತೊಗರಿಯ ಪೇಟೆಯ ಧಾರಣೆ, ಬ್ಯಾಂಕಿನ ಕಂತು, ಮಳೆಯ ಹಾದಿ, ಮಗಳ ಮದುವೆ, ಇವುಗಳನ್ನು ಒಬ್ಬನೇ ಹೊತ್ತು ರಾತ್ರಿಯೆಲ್ಲ ಎಚ್ಚರವಿರುವ ಭೂಮಾಲೀಕನು ಬಿಸಿಲಿನಲ್ಲಿ ದುಡಿದವನಷ್ಟೇ ಬಳಲುವನು. ಲೆಕ್ಕಪತ್ರಗಳನ್ನು ರಾತ್ರಿ ಮಲಗುವ ಹೊತ್ತಿಗೆ ತೆಗೆಯದೆ ವಾರದಲ್ಲೊಂದು ಹಗಲನ್ನು ಅದಕ್ಕೆ ಮೀಸಲಿಡುವದು ಒಳ್ಳೆಯದು. ಮನೆಯವರಿಗೆ ಸಾಲದ ನಿಜಸ್ಥಿತಿಯನ್ನು ತಿಳಿಸತಕ್ಕದ್ದು. ಮುಚ್ಚಿಟ್ಟ ಸಾಲವು ಮನಸ್ಸನ್ನು ಇಮ್ಮಡಿ ತಿನ್ನುವದು. ದಣಿವು ಕಳೆಯಲೆಂದು ಹಿಡಿದ ಕುಡಿತವು ದಣಿವನ್ನೂ ಸಾಲವನ್ನೂ ಕೂಡಿಯೇ ಹೆಚ್ಚಿಸುವದು.

ಊಟ ನಿದ್ರೆಗಳು ಬಿಟ್ಟು, ಜನರಲ್ಲಿ ಬೆರೆಯದೆ, ಬದುಕು ಬೇಡವೆಂಬ ಮಾತುಗಳನ್ನು ಯಾರಾದರೂ ಆಡತೊಡಗಿದರೆ ಅದನ್ನು ಮಾತಿನ ವರಸೆಯೆಂದು ಬಿಟ್ಟುಬಿಡಕೂಡದು. ಅಂಥವರೊಡನೆ ಕುಳಿತು ಸಮಾಧಾನದಿಂದ ಮಾತನಾಡಿ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ೨೦೨೨ರ ಅಕ್ಟೋಬರದಲ್ಲಿ ಭಾರತ ಸರಕಾರವು ಆರಂಭಿಸಿದ ಟೆಲಿ-ಮಾನಸ್ ಎಂಬ ಸಹಾಯವಾಣಿಯು ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುವದು; ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸುವದು ಉಚಿತ.

ಬಿಸಿಲು ಬಡಿದಾಗ

ಬಿಸಿಲಿನಲ್ಲಿ ದುಡಿಯುವವನಿಗೆ ತಲೆಸುತ್ತು, ಓಕರಿಕೆ, ಕಾಲುಗಳ ಸೆಳೆತ ಕಂಡೊಡನೆ ನೆರಳಿಗೆ ಕರೆತಂದು ಮಲಗಿಸಿ, ಬಟ್ಟೆ ಸಡಿಲಿಸಿ, ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸತಕ್ಕದ್ದು. ಇಲ್ಲಿ ಚಮಚೆಯೆಂದರೆ ಚಹದ ಚಮಚೆ. ಮಾತು ತೊದಲಿದರೆ, ಗುರುತು ತಪ್ಪಿದರೆ, ಮೈ ಬೆಂಕಿಯಂತೆ ಸುಟ್ಟರೆ, ಎಚ್ಚರ ತಪ್ಪಿದರೆ ಅದು ಪ್ರಾಣಾಪಾಯದ ಸ್ಥಿತಿ. ಆಗ ಬಾಯಿಗೆ ಏನನ್ನೂ ಹಾಕದೆ, ಮೈಮೇಲೆ ಧಾರಾಳವಾಗಿ ನೀರು ಸುರಿದು ಗಾಳಿ ಬೀಸುತ್ತ ೧೦೮ಕ್ಕೆ ಕರೆಕೊಟ್ಟು ಆಸ್ಪತ್ರೆಗೆ ಸಾಗಿಸತಕ್ಕದ್ದು. ವಾಹನವು ಬರುವ ವರೆಗೆ ತಂಪು ಮಾಡುವದನ್ನು ನಿಲ್ಲಿಸಕೂಡದು. ಜೀವವನ್ನು ಉಳಿಸುವದು ಈ ತಂಪೇ.

ಗ್ರಾಮದ ಹಿರಿಯರು ಮಾಡತಕ್ಕದ್ದು

ಒಬ್ಬ ಭೂಮಾಲೀಕನು ಮಾತ್ರ ಮಧ್ಯಾಹ್ನದ ಬಿಡುವನ್ನು ಕೊಟ್ಟರೆ ನೆರೆಯವನು ನಗಬಹುದು. ಊರಿಗೆ ಊರೇ ಒಪ್ಪಿದರೆ ಅದು ಪದ್ಧತಿಯಾಗುವದು. ಆದ್ದರಿಂದ ಯುಗಾದಿಯ ಹೊತ್ತಿಗೆ ಊರ ಹಿರಿಯರೂ ಪಂಚಾಯತಿಯವರೂ ಭೂಮಾಲೀಕರೂ ಕೂಲಿಯವರ ಮುಖಂಡರೂ ಒಂದೆಡೆ ಕೂತು ಬೇಸಿಗೆಯ ಕೆಲಸದ ಹೊತ್ತನ್ನು ಗೊತ್ತುಪಡಿಸಿ, ಹೊತ್ತು ಬದಲಿಸಿದರೂ ಕೂಲಿಯು ಕಡಿಮೆಯಾಗದೆಂದು ಎಲ್ಲರ ಎದುರಿಗೆ ಹೇಳಿ ಡಂಗುರ ಸಾರಿಸತಕ್ಕದ್ದು. ಗುತ್ತಿಗೆಯ ಕೆಲಸಕ್ಕೂ ಇದೇ ಹೊತ್ತು ಅನ್ವಯಿಸಬೇಕು.

ಎರೆಹೊಲಗಳ ಬಯಲಿನಲ್ಲಿ ನೆರಳೇ ದೊಡ್ಡ ಕೊರತೆ. ಮಧ್ಯಾಹ್ನ ಕೂಡ್ರಲು ಮರವಿಲ್ಲದ ಕಡೆಯಲ್ಲಿ ಬಿಡುವಿನ ಮಾತು ಬರಿಯ ಮಾತಾಗುವದು. ಸದ್ಯಕ್ಕೆ ನಾಲ್ಕು ಗಳ, ಒಂದು ತಾಡಪತ್ರಿಯಿಂದ ಚಪ್ಪರವನ್ನು ಹಾಕಬಹುದು. ಬರುವ ಮಳೆಗಾಲದಲ್ಲಿ ಪ್ರತಿಯೊಬ್ಬ ಭೂಮಾಲೀಕನು ತನ್ನ ಹೊಲದ ಬದುವಿನ ಮೇಲೆ ಒಂದೆರಡು ಬೇವಿನ ಗಿಡಗಳನ್ನಾದರೂ ಹಚ್ಚಿ ಮೂರು ಬೇಸಿಗೆ ಕಾಯ್ದರೆ ಮುಂದಿನ ಪೀಳಿಗೆಯ ಬುತ್ತಿಯು ನೆರಳಿನಲ್ಲಿ ಬಿಚ್ಚುವದು.

ಈ ನಾಡು ಕಾಯ�ಕವನ್ನು ಪೂಜೆಗೆ ಸಮಾನವೆಂದು ಎಣಿಸಿದ ಶರಣರ ನಾಡು. ಆ ಶರಣರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ಎಲ್ಲರೂ ಕೇಳಿರುವರು. ಒಂದು ದಿನ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಬೇಕೆಂದು ಲಕ್ಕಮ್ಮನು ತಿರುಗಿ ಕಳಿಸಿದಳು. ಕಾಯಕಕ್ಕೆ ಹೊತ್ತಿನ ಮತ್ತು ಅಳತೆಯ ಮಿತಿಯುಂಟೆಂಬದು ಈ ಸೀಮೆಗೆ ಹೊರಗಿನಿಂದ ಬಂದ ಉಪದೇಶವಲ್ಲ. ನೆಲದ ಹದವನ್ನು ಬಲ್ಲ ನೆಲೋಗಿಯ ಒಕ್ಕಲಿಗರು ದುಡಿಯುವ ಜನರ ಹದವನ್ನೂ ಹಾಗೆಯೇ ಅರಿತು ನಡೆದರೆ, ಬೆಳೆಯೂ ಬೆಳೆಯುವದು, ಬೆಳೆಯುವವರೂ ಉಳಿಯುವರು.